ಪಲ್ಪರ್ ಹಿಂದೆ ರಾಶಿ ಬೀಳೋ ಕಾಫಿ ಸಿಪ್ಪೆಗೂ ಬೆಲೆ ಇದೆ, ಆದ್ರೆ ಅದೇ ದಿನ ಒಣಗಿಸಿದ್ರೆ ಮಾತ್ರ!

ಡಿಸೆಂಬರ್ ಬಂತು ಅಂದ್ರೆ ಮೂಡಿಗೆರೆ, ಕೊಪ್ಪ, ಸಕಲೇಶಪುರ ಕಡೆ ಪಲ್ಪರ್ ಸದ್ದು ಶುರು. ಬೀಜ ಪಾರ್ಚ್‌ಮೆಂಟ್ ಆಗಿ ಕಣಕ್ಕೆ ಹೋಗುತ್ತೆ, ಕೆಂಪು ಸಿಪ್ಪೆ ಹಿಂದುಗಡೆ ರಾಶಿ ಬೀಳುತ್ತೆ. 100 ಕೆಜಿ ಹಣ್ಣಿಗೆ ಸುಮಾರು 40 ಕೆಜಿ ಹಸಿ ಸಿಪ್ಪೆ. ಎರಡು ದಿನ ಬಿಟ್ರೆ ಹುಳಿ ವಾಸನೆ, ನೊಣ. ಅದರ ನೀರು ಹಳ್ಳ ಸೇರಿದ್ರೆ ನೀರಲ್ಲಿರೋ ಆಮ್ಲಜನಕ ಕಮ್ಮಿಯಾಗಿ ಮೀನುಗಳೂ ಸಾಯುತ್ತವೆ.

ಇದೇ ಸಿಪ್ಪೆ ಹೊರದೇಶಗಳಲ್ಲಿ 'ಕ್ಯಾಸ್ಕರಾ' ಹೆಸರಲ್ಲಿ ಪ್ಯಾಕೆಟ್ ಆಗಿ ಮಾರಾಟ ಆಗುತ್ತಿದೆ. ಸ್ಪ್ಯಾನಿಷ್ ಭಾಷೇಲಿ ಹಾಗಂದ್ರೆ ಸಿಪ್ಪೆ, ಅಷ್ಟೇ. ಇದರಿಂದ ಪಾನೀಯ ತಯಾರಿಸಿ ಮಾರೋಕೆ ಐರೋಪ್ಯ ಒಕ್ಕೂಟ 2022ರಲ್ಲಿ ಅನುಮತಿ ಕೊಟ್ಟಿದೆ. ಯೆಮನ್ ಜನ ಇದಕ್ಕೆ ಶುಂಠಿ ಹಾಕಿ ಕುದಿಸಿ ಮೊದಲಿಂದಲೂ ಕುಡೀತಾರೆ, ಹೆಸರು 'ಕಿಶರ್'. ಬಾಬಾಬುಡನ್ ಅಲ್ಲಿಂದ ಬೀಜ ತಂದ್ರು ಅನ್ನೋ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಸಿಪ್ಪೆ ಕುಡಿಯೋ ರೂಢಿ ಮಾತ್ರ ಜೊತೆಗೆ ಬರಲಿಲ್ಲ.

ಹಾಗಾದ್ರೆ ಸಿಪ್ಪೆಯಲ್ಲಿ ಏನಿದೆ? ಕ್ಲೋರೋಜೆನಿಕ್ ಆಮ್ಲ, ಟ್ಯಾನಿನ್, ಸ್ವಲ್ಪ ಕೆಫೀನ್. ಕೆಂಪು ಬಣ್ಣ ಕೊಡೋದು ಆಂಥೋಸಯನಿನ್, ನೇರಳೆ ಹಣ್ಣು ತಿಂದ್ರೆ ನಾಲಿಗೆಗೆ ಹತ್ತುತ್ತಲ್ಲ, ಅದೇ ಜಾತಿ. ಹಳೇ ಎಣ್ಣೆ ಕಮಟು ವಾಸನೆ ಬರೋದು ಗಾಳಿಯ ಆಮ್ಲಜನಕದಿಂದ. ಅದನ್ನ ನಿಧಾನ ಮಾಡೋ ಪದಾರ್ಥಕ್ಕೆ ಆಂಟಿಆಕ್ಸಿಡೆಂಟ್ ಅಂತಾರೆ. ತಿನಿಸು ಕೆಡದಂತೆ ಇಡೋಕೂ, ಮುಖಕ್ಕೆ ಹಚ್ಚೋ ಕ್ರೀಮಿಗೂ ಬೇಕಾಗಿರೋದು ಇದೇ ಗುಣ.

ಕಾರ್ಖಾನೆಯಲ್ಲಿ ಒಣ ಸಿಪ್ಪೆನ ತರಿತರಿ ಪುಡಿ ಮಾಡಿ, ನೀರು ಮತ್ತು ಆಲ್ಕೋಹಾಲಲ್ಲಿ ನೆನೆಸಿ, ಸೋಸಿ, ಕಮ್ಮಿ ಬಿಸಿಯಲ್ಲಿ ಆವಿ ಮಾಡಿ ಸಾರ ತೆಗೀತಾರೆ. ಫ್ಯಾನ್ಸಿ ಸ್ಟೋರ್ ಇಟ್ಟಿರೋರು ಕ್ರೀಮಿನ ಡಬ್ಬಿ ತಿರುಗಿಸಿ ನೋಡಿ. 'ಕಾಫಿಯಾ ಅರೇಬಿಕಾ ಫ್ರೂಟ್ ಎಕ್ಸ್‌ಟ್ರಾಕ್ಟ್' ಅಂತಿದ್ರೆ ಹಣ್ಣಿಂದು, 'ಸೀಡ್' ಅಂತಿದ್ರೆ ಬೀಜದ್ದು. ಹಚ್ಚಿದ ತಕ್ಷಣ ಸುಕ್ಕು ಹೋಗುತ್ತೆ ಅಂತ ಗಿರಾಕಿಗೆ ಹೇಳಬೇಡಿ. ಲ್ಯಾಬಲ್ಲಿ ಕಾಣೋ ಗುಣ ಬೇರೆ, ಮುಖದ ಮೇಲೆ ಆಗೋ ಕೆಲಸ ಬೇರೆ.

ಈಗ ನಮ್ಮ ಬೆಳೆಗಾರರ ವಿಷಯ. ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರೇ. 40 ಕೆಜಿ ಒಣಗಿದ್ರೆ ಕೈಗೆ ಸಿಗೋದು ಹೆಚ್ಚಂದ್ರೆ 10 ಕೆಜಿ. ಹಣ್ಣು ಪಲ್ಪ್ ಆದ ದಿನಾನೇ ಜಾಲರಿ ಮೇಲೆ ತೆಳ್ಳಗೆ ಹರಡಿ ಒಣಗಿಸಬೇಕು, ಅದೂ ಕೊಯ್ಲಿನ ಗಡಿಬಿಡಿಯಲ್ಲಿ, ಆಳು ಸಿಗದ ಹೊತ್ತಲ್ಲಿ. ಬೂಷ್ಟು ಹಿಡಿದ್ರೆ ಓಕ್ರಾಟಾಕ್ಸಿನ್ ಅನ್ನೋ ವಿಷ ಸೇರಿಕೊಳ್ಳಬಹುದು, ಆ ಲಾಟು ಗೊಬ್ಬರದ ಗುಂಡಿಗೇ. ಹಣ್ಣಿಗೆ ಔಷಧಿ ಹೊಡೆದಿದ್ರೆ ಅದರ ಅಂಶವೂ ಸಿಪ್ಪೆಯಲ್ಲಿ ಉಳಿಯಬಹುದು, ಪರೀಕ್ಷೆ ಆಗದೆ ಕುಡಿಯೋಕೆ ಕೊಡೋ ಹಾಗಿಲ್ಲ.

ಇನ್ನೊಂದು ಮಾತು. ಹಣ್ಣನ್ನೇ ಮಾರೋ ಸಣ್ಣ ಬೆಳೆಗಾರರ ಸಿಪ್ಪೆ ಕೊಂಡವರ ಪಾಲು. ಚೆರಿ ಮಾಡೋರದ್ದು ಹಲ್ಲಿಂಗ್ ಆಗೋ ಕಡೆ ಉಳಿಯುತ್ತೆ. ಹಾಗಾಗಿ ಇದರ ಲಾಭ ಸ್ವಂತ ಪಲ್ಪರ್ ಇರೋರಿಗೇ ಮೊದಲು. ನಾಲ್ಕಾರು ಮನೆಯವರು ಸೇರಿ ಒಂದೇ ಕಡೆ ಪಲ್ಪ್ ಮಾಡಿಸಿದ್ರೆ ಸಣ್ಣವರಿಗೂ ಏನಾದ್ರೂ ಗಿಟ್ಟಬಹುದು.

ಮಾರೋ ಮುಂಚೆ ತಿನ್ನೋ ಕುಡಿಯೋ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಕ್ರೀಮು, ಫೇಸ್‌ಪ್ಯಾಕ್ ತಯಾರಿಸೋಕೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಲೈಸೆನ್ಸ್ ಬೇಕು. ಕೊಳ್ಳೋರು ಯಾರು, ಎಷ್ಟಕ್ಕೆ ಅನ್ನೋದು ಕಾಗದದ ಮೇಲೆ ಬರೋ ತನಕ ಡ್ರೈಯರ್‌ಗೆ ಸಾಲ ಮಾಡಬೇಡಿ.