ವೇಷ ಬಚ್ಚಿಡದ ಫೋಟೊಗಳು

ರವಿವರ್ಮನ ಲಕ್ಷ್ಮಿಯನ್ನು ನೋಡದವರು ಯಾರು? ಅಂಗಡಿಯ ಗಲ್ಲಾದ ಮೇಲೆ, ದೇವರ ಮನೆಯಲ್ಲಿ, ಕ್ಯಾಲೆಂಡರಿನಲ್ಲಿ ಕಮಲದ ಮೇಲೆ ನಿಂತವಳು. ಪುಷ್ಪಮಾಲಾ ಎನ್. ಅವರ ಫೋಟೊದಲ್ಲಿರುವುದೂ ಅವಳೇ. ಆದರೆ ಒಂದು ಕ್ಷಣ ಹೆಚ್ಚು ನಿಂತು ನೋಡಿದರೆ ಹಿಂದಿರುವುದು ಬಣ್ಣ ಬಳಿದ ಪರದೆ, ದೇವಿಯ ಜಾಗದಲ್ಲಿರುವುದು ಸಾಕ್ಷಾತ್ ಕಲಾವಿದೆಯೇ ಎಂಬುದು ಗೊತ್ತಾಗುತ್ತದೆ.

ಬೆಂಗಳೂರಿನ ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆ ಕಲಿತವರು. 1990ರ ದಶಕದ ನಡುವಿನಲ್ಲಿ ಶಿಲ್ಪ ಬಿಟ್ಟು ತಾವೇ ವೇಷ ಕಟ್ಟಿ ಕ್ಯಾಮೆರಾದ ಮುಂದೆ ನಿಂತರು. ‘ಫ್ಯಾಂಟಮ್ ಲೇಡಿ’ (1996–98) ಸರಣಿಯಲ್ಲಿ ಮುಖವಾಡ ತೊಟ್ಟು ಮುಂಬೈ ಸುತ್ತುವ ಸಾಹಸಿಯಾದರು. ಲಕ್ಷ್ಮಿ ಬಂದದ್ದು ಆಮೇಲೆ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ದಲ್ಲಿ. ಇದಕ್ಕೆ ಅನುದಾನ ಕೊಟ್ಟದ್ದು ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್.

ಲಕ್ಷ್ಮಿಗಿಂತ ನನ್ನನ್ನು ಕಾಡಿದ್ದು ಚೌಕುಳಿ ಪರದೆಯ ಚಿತ್ರ. ಬುಡಕಟ್ಟಿನ ಜನರನ್ನು ಇಂಥ ಚೌಕಗಳ ಮುಂದೆ ನಿಲ್ಲಿಸಿ ಮೈಯಳತೆ ತೆಗೆಯುವುದು ಬ್ರಿಟಿಷರ ಕಾಲದ ‘ವಿಜ್ಞಾನ’. ಎರಡೆರಡು ಇಂಚಿನ ಚೌಕಗಳ ಈ ವಿಧಾನವನ್ನು ಜಾನ್ ಲ್ಯಾಂಪ್ರೆ 1869ರಲ್ಲಿ ಸೂಚಿಸಿದ್ದ. ಆ ಜಾಗದಲ್ಲಿ ಪುಷ್ಪಮಾಲಾ ತಾವೇ ತೋಡ ಹೆಣ್ಣಾಗಿ ನಿಲ್ಲುತ್ತಾರೆ. ಇದು ವೇಷ ಎಂದು ನಮಗೆ ಗೊತ್ತು. ಆದರೆ ಹಳೆಯ ಫೋಟೊದ ಹೆಂಗಸೂ ಯಾರೋ ಹೇಳಿದಂತೆ ನಿಂತವಳು, ಯಾರೋ ಹಾಕಿದ ಪರದೆಯ ಮುಂದೆ ನಿಂತವಳು. ಹಾಗಿದ್ದರೆ ಅದಕ್ಕೆ ದಾಖಲೆ ಎಂಬ ಮರ್ಯಾದೆ ಯಾಕೆ? ಕಳ್ಳತನದಲ್ಲಿ ಸಿಕ್ಕಿಬಿದ್ದ ಹೆಂಗಸರ ಪತ್ರಿಕಾ ಚಿತ್ರವನ್ನೂ ಅವರು ಹೀಗೇ ಮರುನಟಿಸಿದ್ದಾರೆ. ದೇವಿ, ಆರೋಪಿ, ಬುಡಕಟ್ಟಿನ ‘ಮಾದರಿ’ ಎಲ್ಲದರಲ್ಲೂ ಒಂದೇ ಮುಖ.

ಎಐ ಚಿತ್ರಗಳ ಈ ಕಾಲದಲ್ಲಿ ಇವನ್ನು ಡೀಪ್‌ಫೇಕಿನ ಸಾಲಿಗೆ ಸೇರಿಸುವುದು ತಪ್ಪು. ಡೀಪ್‌ಫೇಕು ಗುಟ್ಟು ಬಿಡುವುದಿಲ್ಲ. ಇಲ್ಲಿ ಸೆಟ್ಟು, ದೀಪ, ಮೇಕಪ್ಪಿನ ತಯಾರಿಯ ಫೋಟೊಗಳೂ ಪ್ರದರ್ಶನದ ಭಾಗವೇ.

ಅಂದಹಾಗೆ, ಪುಷ್ಪಮಾಲಾ ‘ಸೋಂಬೇರಿ ಕಟ್ಟೆ’ ಎಂಬ ಸಂಸ್ಥೆಯನ್ನೂ ನಡೆಸುತ್ತಾರೆ. ಅದು ಒಮ್ಮೆ ಉಪನ್ಯಾಸದ ವೇದಿಕೆ, ಇನ್ನೊಮ್ಮೆ ಚಿತ್ರನಿರ್ಮಾಣ ಕಂಪನಿ. ಸಂಸ್ಥೆ ಪೂರಾ ಕಾಲ್ಪನಿಕ, ಉಪನ್ಯಾಸಗಳು ಮಾತ್ರ ನಿಜಕ್ಕೂ ನಡೆದಂಥವು.