ಉದುರೆಲೆಯ ಬಣ್ಣವನ್ನು ಉಳಿಸುವ ಬಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಅಕ್ಟೋಬರ್ ಬಂದಿತೆಂದರೆ ಮೇಪಲ್ ಮರಗಳು ಕೆಂಪೇರುವುವು. ಶಿಶುವಿಹಾರದ ಗೋಡೆಗೆಂದು ಮಕ್ಕಳು ಆಯ್ದು ತಂದ ಎಲೆಗಳಾದರೋ ಕೆಲವೇ ದಿನಗಳಲ್ಲಿ ಸುರುಟಿ ಕಂದಾಗುವುವು. ಇದಕ್ಕೆ ಕಾರಣವೇನು?

ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಪತ್ರಹರಿತ್ತು ನಾಶವಾಗಿ, ಅದರ ಮರೆಯಲ್ಲಿದ್ದ ಹಳದಿ ಕೆರೋಟಿನಾಯ್ಡುಗಳು ಗೋಚರಿಸುವುವು. ಕೆಂಪು ಆಂಥೊಸಯನಿನ್ ಹೊಸದಾಗಿ ಹುಟ್ಟುವುದು. ಆದರೆ ಎಲೆಯಲ್ಲಿ ತೇವವಿರುವವರೆಗೂ ಕಿಣ್ವಗಳು ಕಂದು ವಸ್ತುಗಳನ್ನು ಉಂಟುಮಾಡುತ್ತಿರುವುವು.

ಆದುದರಿಂದ ಆಯ್ದ ದಿನವೇ ಎಲೆಯನ್ನು ಬ್ಲಾಟಿಂಗ್ ಕಾಗದಗಳ ನಡುವೆ ಹರಡಿ, ಮೇಲೆ ಭಾರವಾದ ಪುಸ್ತಕಗಳನ್ನಿರಿಸಿ, ಕಾಗದವನ್ನು ದಿನವೂ ಬದಲಿಸಿ ಒಣಗಿಸಬೇಕು. ಬೆಳಕೂ ಬಣ್ಣವನ್ನು ಕೆಡಿಸುವುದರಿಂದ ಬಿಸಿಲು ಬೀಳದ ಗೋಡೆಯೇ ಲೇಸು.

ಆದರೆ ಒಣಗಿದ ಎಲೆ ಎಳೆಯ ಕೈಗಳಲ್ಲಿ ಪುಡಿಯಾಗುವುದು. ಮುಟ್ಟಿ ನೋಡಲು, 2 ಭಾಗ ನೀರಿಗೆ 1 ಭಾಗ ಗ್ಲಿಸರಿನ್ ಬೆರೆಸಿ ಕೆಲವು ದಿನ ಮುಳುಗಿಸಿಟ್ಟ ಎಲೆ ಉತ್ತಮ. ಬಣ್ಣ ತುಸು ಮಂಕಾದರೂ ಅದು ಮೆದುವಾಗಿಯೇ ಉಳಿಯುವುದು.