ಬಿಸಿಲು ತಾಳದ ಹುಳು, ಬಿಸಿಲು ತಾಳುವ ರೇಷ್ಮೆ

ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಕಳೆದು ವಾರವಿಡೀ ಸೊಪ್ಪು ಮೇಯ್ದ ರೇಷ್ಮೆಹುಳು ಮೇವು ಬಿಟ್ಟು ತಲೆ ಎತ್ತಿದರೆ ‘ಹಣ್ಣಾಯ್ತು’ ಎಂದು ರೈತರು ಅದನ್ನು ಗೂಡು ಕಟ್ಟಲು ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಆ ಹೊತ್ತಿಗೆ ಹುಳುವಿನ ಮೈಯೊಳಗಿನ ಜೋಡಿ ಗ್ರಂಥಿಗಳಲ್ಲಿ ನೂಲು ಇರುವುದಿಲ್ಲ. ಇರುವುದು ಮಂದವಾದ ದ್ರವ. ತೂಕದಲ್ಲಿ ಸುಮಾರು ಕಾಲುಭಾಗ ಫೈಬ್ರಾಯಿನ್ ಎಂಬ ಪ್ರೋಟೀನು, ಮಿಕ್ಕಿದ್ದು ಹೆಚ್ಚಾಗಿ ನೀರು. ದ್ರವ ಕಿರಿದಾದ ನಾಳದಲ್ಲಿ ಬಾಯಿಯ ಕಡೆ ಸಾಗಿದಂತೆ ಆಮ್ಲತೆ ತುಸು ಏರುತ್ತದೆ, ನೀರು ಇಳಿಯುತ್ತದೆ. ಹುಳು ಎಂಟರ ಆಕಾರದಲ್ಲಿ ತಲೆಯಾಡಿಸಿ ಎಳೆಯುವ ರಭಸಕ್ಕೆ ಪ್ರೋಟೀನಿನ ಸರಪಳಿಗಳು ಸಾಲುಗಟ್ಟಿ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಮೇಲೆ ಅದು ನೀರಿಗೆ ಕರಗದು. ನೈಲಾನ್ ಎಳೆ ತೆಗೆಯಲು ಕಾರ್ಖಾನೆಗೆ 200 ಡಿಗ್ರಿಗೂ ಮಿಕ್ಕಿದ ಕಾವು ಬೇಕು. ಹುಳುವಿಗೆ ಹುಳುಮನೆಯ ಕಾವೇ ಸಾಕು.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್, ಫಿಯೊರೆಂಜೊ ಒಮೆನೆಟ್ಟೊ ಮತ್ತು ಸಂಗಡಿಗರು ಈ ಕೆಲಸವನ್ನು ಹಿಂದುಮುಂದಾಗಿ ಮಾಡುತ್ತಾರೆ. ಗೂಡನ್ನು ಸೋಡಾ ನೀರಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟನ್ನು ಕಳೆಯುತ್ತಾರೆ. ಉಳಿದ ನಾರನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಉಪ್ಪನ್ನು ತೆಗೆದರೆ ಮತ್ತೆ ದ್ರವ ರೇಷ್ಮೆ ಸಿಗುತ್ತದೆ. ಅದರಿಂದ ತೆಳುಹಾಳೆ ಮಾಡಬಹುದು, ಸ್ಪಂಜು ಮಾಡಬಹುದು. ಮುರಿದ ಮೂಳೆ ಕೂಡಿಸುವ ತಿರುಪುಮೊಳೆಯನ್ನೂ ಮಾಡಿ 2014ರಲ್ಲಿ ಇಲಿಗಳಲ್ಲಿ ಪರೀಕ್ಷಿಸಿದರು. ಲೋಹದ ಮೊಳೆಯಂತೆ ಇದನ್ನು ಮತ್ತೆ ಕೊಯ್ದು ತೆಗೆಯಬೇಕಿಲ್ಲ, ಮೈಯೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ.

ನನಗೆ ಇದಕ್ಕಿಂತ ದೊಡ್ಡದೆನಿಸಿದ್ದು 2012ರ ಕೆಲಸ. ದಡಾರ, ಮಂಗನಬಾವು, ರುಬೆಲ್ಲಾಗಳ ಲಸಿಕೆಯನ್ನು ರೇಷ್ಮೆಯ ತೆಳುಹಾಳೆಯಲ್ಲಿ ಸೇರಿಸಿ ಒಣಗಿಸಿ 45 ಡಿಗ್ರಿಯಲ್ಲಿ ಆರು ತಿಂಗಳು ಇಟ್ಟರು. ಲಸಿಕೆಯ ಕಸುವಿನಲ್ಲಿ ಸುಮಾರು ಶೇಕಡಾ 85 ಉಳಿದಿತ್ತು. ಬಿಗಿಯಾಗಿ ಹೆಣೆದುಕೊಂಡ ಪ್ರೋಟೀನಿನ ನಡುವೆ ಲಸಿಕೆಯ ಕಣಗಳು ಅಲುಗಾಡಲಾರವು, ಅವನ್ನು ಕೆಡಿಸುವ ತೇವವೂ ಅಲ್ಲಿ ಕಡಿಮೆ. ಕರೆಂಟು ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲಿ ಫ್ರಿಜ್ಜಿನ ಹಂಗು ತಪ್ಪುವುದೆಂದರೆ ಸಣ್ಣ ಮಾತಲ್ಲ.

ಅಷ್ಟು ಶಾಖ ತಾಳುವ ರೇಷ್ಮೆಯನ್ನು ಕೊಡುವ ಹುಳುವಿಗೆ ಮಾತ್ರ ಶಾಖ ಆಗದು. ಬಿಳಿ ಗೂಡಿನ ಬೈವೋಲ್ಟೀನ್ ತಳಿಯ ಹುಳು ದೊಡ್ಡದಾದ ಮೇಲೆ 25 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿರುತ್ತದೆ. ಕಾವು 30 ದಾಟಿ ಹಾಗೇ ನಿಂತರೆ ಬೆಳೆ ಕೈಗೆ ಹತ್ತುವುದು ಕಷ್ಟ. ಬೇಸಿಗೆಗಳು ಬಲಿಯುತ್ತಿರುವಾಗ ಹಳೆಯ ಮೈಸೂರು ತಳಿಯತ್ತ ಕಣ್ಣು ಹೋಗುವುದು ಇದಕ್ಕೇ. ಹಸಿರುಹಳದಿ ಗೂಡು ಕಟ್ಟುವ ಈ ಹುಳು ಸೆಕೆಗೆ ಅಷ್ಟಾಗಿ ಜಗ್ಗದು. ಆ ಹಳದಿಯೂ ಹಿಪ್ಪುನೇರಳೆ ಸೊಪ್ಪಿನದೇ. ಎಲೆಯ ಕೆರೊಟಿನಾಯ್ಡು ಬಣ್ಣವನ್ನು ಹಿಡಿದು ಒಯ್ಯುವ ಒಂದು ಪ್ರೋಟೀನು ಹುಳುವಿನ ಕರುಳಿನಲ್ಲೂ ರೇಷ್ಮೆ ಗ್ರಂಥಿಯಲ್ಲೂ ಇದೆ ಎಂದು ಜಪಾನಿನ ಸಂಶೋಧಕರು 2007ರಲ್ಲಿ ತೋರಿಸಿದರು. ಬಿಳಿ ಗೂಡಿನ ಎಷ್ಟೋ ತಳಿಗಳಲ್ಲಿ ಅದು ತಯಾರಾಗುವುದೇ ಇಲ್ಲ. ಬಣ್ಣ ಕೂರುವುದು ಹೆಚ್ಚಾಗಿ ಸೆರಿಸಿನ್ನಿನಲ್ಲಿ, ಹೀಗಾಗಿ ಸೋಡಾದಲ್ಲಿ ಕುದಿಸಿದರೆ ಬಹುಪಾಲು ಹೋಗಿಬಿಡುತ್ತದೆ.

ಮೈಸೂರು ತಳಿಯ ಕೊರತೆಯೆಂದರೆ ಗೂಡು ಸಣ್ಣದು, ನೂಲು ಗಿಡ್ಡ. ನೂಲು ಬಿಚ್ಚುವವರಿಗೆ ಅದು ನಷ್ಟ. ಆದರೆ ಪ್ರಯೋಗಶಾಲೆಯವರು ಗೂಡನ್ನು ಕತ್ತರಿಸಿಯೇ ಕುದಿಸುವುದರಿಂದ ಅವರಿಗೆ ಉದ್ದ ಕಟ್ಟಿಕೊಂಡು ಏನಾಗಬೇಕು? ಅವರ ತಕರಾರು ಬೇರೆ: ಸೆರಿಸಿನ್ ಉಳಿದ ರೇಷ್ಮೆ ಮೈಯೊಳಗೆ ಹೋದರೆ ಉರಿಯೂತ ಬರಬಹುದು, ಅದಕ್ಕೆ ಅಂಟು ಪೂರ್ತಿ ಹೋಗಲೇಬೇಕು. ಹಾಗೆಂದು ಹೆಚ್ಚು ಹೊತ್ತು ಕುದಿಸಿದರೆ ಫೈಬ್ರಾಯಿನ್ನಿನ ಸರಪಳಿಯೇ ತುಂಡಾಗುತ್ತದೆ.